ವರ್ಗ ವಿನ್ಯಾಸದ ತತ್ತ್ವಗಳು: ಒಂದು ಚಾರಿತ್ರಿಕ ಅವಲೋಕನ

ವಸ್ತುಕೇಂದ್ರಿತ ತಂತ್ರಾಂಶ ರಚನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಗಣಕಭಾಷೆಗಳ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ. ಆದರೆ ಭಾಷೆ ಮೊದಲು ದೊರೆಯಿತು. ಅದನ್ನು ಬಳಸುವ ವಿವೇಕ ತಡವಾಗಿ ಮೂಡಿತು. ಈ ನಡುವಣ ಸುಮಾರು ಮೂರು ದಶಕಗಳಲ್ಲಿ ವರ್ಗ ವಿನ್ಯಾಸದ ತತ್ತ್ವಗಳು ರೂಪುಗೊಂಡವು.

ವರ್ಗ, ಅಂದರೆ ಕ್ಲಾಸ್, ಎಂಬ ಪರಿಕಲ್ಪನೆಯ ಮೂಲ ನಾರ್ವೆಯಲ್ಲಿದೆ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅವರು ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ ದತ್ತಾಂಶವೂ ಅದರ ಮೇಲಿನ ಕ್ರಿಯೆಗಳೂ ಒಂದೇ ಘಟಕದಲ್ಲಿ ಕೂಡಿದವು. ಒಂದು ವರ್ಗದಿಂದ ಉಪವರ್ಗವನ್ನು ಪಡೆಯುವ ಕ್ರಮವೂ ಅಲ್ಲಿಯೇ ಮೊದಲಾಯಿತು. ಆದರೆ ವರ್ಗದ ಒಳಗಿನ ದತ್ತಾಂಶವನ್ನು ಹೊರಗಿನ ಕ್ರಮವಿಧಿಗಳು ಮುಟ್ಟದಂತೆ ತಡೆಯುವ ಏರ್ಪಾಡು ಅದರ ಮೂಲರೂಪದಲ್ಲಿ ಇರಲಿಲ್ಲ. ಅದು ಮುಂದೆ ಸೇರಿತು.

ಮಾಹಿತಿ ಗೋಪನದ ವಿಚಾರ ಬೇರೊಂದು ಧಾರೆಯಿಂದ ಬಂದಿತು. 1972ರಲ್ಲಿ ಡೇವಿಡ್ ಪಾರ್ನಾಸ್ ಅವರು ಪದಸೂಚಿ ತಯಾರಿಸುವ ಸಣ್ಣ ಕ್ರಮವಿಧಿಯೊಂದನ್ನು ಎರಡು ಬಗೆಯಲ್ಲಿ ವಿಭಜಿಸಿ ತೋರಿಸಿದರು. ಕೆಲಸದ ಹಂತಗಳಿಗೆ ಅನುಗುಣವಾಗಿ ಭಾಗಿಸಿದಾಗ, ದತ್ತಾಂಶದ ಸ್ವರೂಪ ಬದಲಾದರೆ ಹಲವು ಭಾಗಗಳನ್ನು ತಿದ್ದಬೇಕಾಗುತ್ತಿತ್ತು. ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದಲ್ಲಿ ಮರೆಯಾಗಿರಿಸಿದಾಗ ತಿದ್ದುಪಡಿ ಆ ಭಾಗಕ್ಕಷ್ಟೇ ಸೀಮಿತವಾಗುತ್ತಿತ್ತು. ಬಾರ್ಬರಾ ಲಿಸ್ಕೋವ್ ಅವರ ನೇತೃತ್ವದಲ್ಲಿ ಎಂ.ಐ.ಟಿ.ಯಲ್ಲಿ ಬೆಳೆದ ಸಿ.ಎಲ್.ಯು. ಭಾಷೆ ಈ ಗೋಪನವನ್ನು ಅಳವಡಿಸಿಕೊಂಡಿತು. ಉಪವರ್ಗಗಳನ್ನು ಮಾತ್ರ ಸ್ವೀಕರಿಸಲಿಲ್ಲ ಎಂಬುದು ಗಮನಾರ್ಹ.

1980ರ ದಶಕದಲ್ಲಿ ಸ್ಮಾಲ್‌ಟಾಕ್, ಸಿ++ ಭಾಷೆಗಳು ಹರಡಿದಂತೆ ಈ ಎರಡು ಧಾರೆಗಳ ವಿರೋಧ ಸ್ಪಷ್ಟವಾಯಿತು. ಉಪವರ್ಗವು ಮಾತೃವರ್ಗದ ಒಳರಚನೆಯನ್ನು ನೇರವಾಗಿ ಅವಲಂಬಿಸಿದರೆ ಗೋಪನ ಭಗ್ನವಾಗುತ್ತದೆ ಎಂಬುದನ್ನು 1986ರಲ್ಲಿ ಆಲನ್ ಸ್ನೈಡರ್ ನಿರೂಪಿಸಿದರು. ಮಾತೃವರ್ಗ ಇರಬೇಕಾದೆಡೆ ಉಪವರ್ಗವನ್ನು ಇರಿಸಿದರೂ ಕ್ರಮವಿಧಿಯ ನಡವಳಿಕೆ ಕೆಡಬಾರದು ಎಂಬ ನಿಯಮವನ್ನು 1987ರಲ್ಲಿ ಲಿಸ್ಕೋವ್ ಮುಂದಿಟ್ಟರು. ಗಣಿತದಲ್ಲಿ ಚೌಕವೂ ಒಂದು ಆಯತವೇ. ಆದರೆ ಅಗಲವೊಂದನ್ನೇ ಬದಲಿಸಲು ಆಯತವರ್ಗ ಅವಕಾಶವಿತ್ತರೆ, ಚೌಕವು ಅದರ ಉಪವರ್ಗವಾಗಿ ನಿಲ್ಲಲಾರದು. 1988ರಲ್ಲಿ ಬರ್ಟ್ರಾಂಡ್ ಮೇಯರ್, ವರ್ಗವು ವಿಸ್ತರಣೆಗೆ ತೆರೆದಿದ್ದು ಮಾರ್ಪಾಟಿಗೆ ಮುಚ್ಚಿರಬೇಕೆಂದರು. ಅವರು ಸೂಚಿಸಿದ ಮಾರ್ಗ ಉಪವರ್ಗದ್ದೇ. 1994ರಲ್ಲಿ ಎರಿಕ್ ಗಾಮಾ ಮತ್ತು ಮೂವರು ಸಹಲೇಖಕರು 23 ವಿನ್ಯಾಸ ಮಾದರಿಗಳನ್ನು ಸಂಕಲಿಸಿ, ಉಪವರ್ಗಕ್ಕಿಂತ ವಸ್ತುಗಳ ಸಂಯೋಜನೆಯೇ ಲೇಸೆಂಬ ನಿಲುವು ತಳೆದರು.

ಚದುರಿದ್ದ ಈ ಚಿಂತನೆಗಳನ್ನು ರಾಬರ್ಟ್ ಮಾರ್ಟಿನ್ ಒಗ್ಗೂಡಿಸಿದರು. ಅವರು ಪ್ರತಿಪಾದಿಸಿದ ಐದು ತತ್ತ್ವಗಳಿಗೆ ಮೈಕೆಲ್ ಫೆದರ್ಸ್ ಅವರಿಂದ 'ಸಾಲಿಡ್' ಎಂಬ ಆದ್ಯಕ್ಷರನಾಮ ದೊರೆಯಿತು. ಬದಲಾಗಲು ವರ್ಗವೊಂದಕ್ಕೆ ಒಂದೇ ಕಾರಣವಿರಬೇಕೆಂಬ ಅವುಗಳ ಮೊದಲ ತತ್ತ್ವದಲ್ಲಿ ಪಾರ್ನಾಸ್ ಅವರ 1972ರ ವಿಚಾರವೇ ಮರಳಿ ಕಾಣಿಸಿಕೊಳ್ಳುತ್ತದೆ.

ದಾಲ್ ಮತ್ತು ನ್ಯೂಗಾರ್ಡ್ 2001ರ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾಗಿ, 2002ರಲ್ಲಿ ಇಬ್ಬರೂ ನಿಧನರಾದರು. ಅವರು ನೀಡಿದ ಸಾಧನದ ಮಿತಿಗಳನ್ನು ಅರಿಯುವ ಯತ್ನವೇ ಈ ತತ್ತ್ವಗಳ ಚರಿತ್ರೆ. ಇವನ್ನು ಕೇವಲ ವಿಧಿಗಳೆಂದು ಕಂಠಪಾಠ ಮಾಡಿದರೆ, ಯಾವ ತೊಡಕಿಗೆ ಇವು ಉತ್ತರವಾಗಿ ಹುಟ್ಟಿದವೆಂಬುದೇ ಮರೆತುಹೋಗುತ್ತದೆ. ತೊಡಕನ್ನು ಅರಿತವರಿಗೆ ಮಾತ್ರ ತತ್ತ್ವವನ್ನು ಎಲ್ಲಿ ಪಾಲಿಸಬೇಕು, ಎಲ್ಲಿ ಬಿಡಬೇಕು ಎಂಬ ವಿವೇಚನೆ ಸಾಧ್ಯ.