ಕುದುರೆ ಕೇಳದ ದರ್ಜೆ

1949ರಲ್ಲಿ ಫ್ರಾನ್ಸಿನ ಮೂವರು ಸವಾರರಿಗೆ ಒಲಿಂಪಿಕ್ ಚಿನ್ನದ ಪದಕ ಬಂತು. ಆ ವರ್ಷ ಒಲಿಂಪಿಕ್ಸ್ ನಡೆದಿರಲಿಲ್ಲ. ಪಂದ್ಯ ನಡೆದದ್ದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಸೈನಿಕ ಪಟ್ಟಣ ಆಲ್ಡರ್‌ಶಾಟ್‌ನಲ್ಲಿ. ಅಲ್ಲಿ ಗೆದ್ದದ್ದು ಸ್ವೀಡನ್: ಅದಕ್ಕೆ 1366 ಅಂಕ, ಫ್ರಾನ್ಸಿಗೆ 1269. ಆದರೆ ಗೆದ್ದ ಸ್ವೀಡಿಷ್ ತಂಡದ ಗೆನಾಲ್ ಪರ್ಸನ್ ನಿಜದಲ್ಲಿ ಅಧಿಕಾರಿಯಲ್ಲ, ಬರೀ ಸಾರ್ಜೆಂಟ್ ಎಂಬುದು ಬಯಲಾಯಿತು. ಸ್ವೀಡನ್ನಿನ ಪದಕ ರದ್ದಾಯಿತು. ಚಿನ್ನ ಫ್ರಾನ್ಸಿನ ಪಾಲಾಯಿತು.

ಆ ಚಿನ್ನ ಪಡೆದವರಲ್ಲಿ ಹಿರಿಯರು ಆಂದ್ರೆ ಜೂಸೋಮೆ. 1894ರಲ್ಲಿ ಹುಟ್ಟಿದ ಅವರು ಅಶ್ವದಳದ ಅಧಿಕಾರಿ. 1932ರಿಂದ 1956ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿ ಐದು ಪದಕ ಗಳಿಸಿದರು. ಅವರ ಸ್ಪರ್ಧೆ ಡ್ರೆಸಾಜ್. ಇದರಲ್ಲಿ ಓಟದ ವೇಗವಿಲ್ಲ, ಬೇಲಿ ಹಾರುವ ರೋಮಾಂಚನವೂ ಇಲ್ಲ. ಅರುವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳದಲ್ಲಿ ಕುದುರೆ ಗೊತ್ತುಪಡಿಸಿದ ನಡೆಗಳನ್ನು ತಪ್ಪಿಲ್ಲದೆ ನಡೆದು ತೋರಿಸಬೇಕು. ಸವಾರ ಬಾಯಿ ತೆರೆಯುವಂತಿಲ್ಲ. ಕಾಲಿನ ಒತ್ತು, ಬೆನ್ನಿನ ಭಾರ, ಲಗಾಮಿನ ಸೂಕ್ಷ್ಮ ಸೆಳೆತ, ಇಷ್ಟರಲ್ಲೇ ಮಾತುಕತೆ ಮುಗಿಯಬೇಕು.

ಬಾಯಿಯ ಈ ಕಟ್ಟುಪಾಡು ಎಷ್ಟು ಬಿಗಿಯಾಗಿತ್ತೆಂಬುದನ್ನು ಜೂಸೋಮೆ ತಮ್ಮ ಮೊದಲ ಒಲಿಂಪಿಕ್ಸ್‌ನಲ್ಲೇ ಕಂಡರು. 1932ರ ಲಾಸ್ ಏಂಜಲೀಸ್‌ನಲ್ಲಿ ಸ್ವೀಡನ್ನಿನ ಬರ್ಟಿಲ್ ಸಾಂಡ್‌ಸ್ಟ್ರಾಮ್ ನಾಲಗೆಯಿಂದ ಲೊಚಗುಟ್ಟಿ ಕುದುರೆಯನ್ನು ಹುರಿದುಂಬಿಸಿದನೆಂದು ತೀರ್ಪುಗಾರರು ಅವನನ್ನು ಕೊನೆಯ ಸ್ಥಾನಕ್ಕೆ ತಳ್ಳಿದರು. ಅದು ತನ್ನ ಬಾಯಿಯ ಸದ್ದಲ್ಲ, ಜೀನಿನ ಕಿರುಗುಟ್ಟುವಿಕೆ ಎಂದು ಅವನು ಹೇಳಿದ್ದು ಫಲಿಸಲಿಲ್ಲ. ವೈಯಕ್ತಿಕ ಚಿನ್ನ, ಬೆಳ್ಳಿ ಎರಡೂ ಜೂಸೋಮೆಯವರ ಜೊತೆಗಾರರಿಗೆ ದಕ್ಕಿದವು. ತಂಡದ ಚಿನ್ನವೂ ಫ್ರಾನ್ಸಿಗೇ. ನಾಲ್ಕು ವರ್ಷಗಳ ನಂತರ ಬರ್ಲಿನ್‌ನಲ್ಲಿ ತಂಡಕ್ಕೆ ಬೆಳ್ಳಿ.

ಸಾರ್ಜೆಂಟ್ ಎಂದರೆ ನಮ್ಮ ಸೇನೆಯ ಹವಾಲ್ದಾರ್ ಇದ್ದಂತೆ. ಅವನಿಗೆ ಕುದುರೆ ಸವಾರಿಯ ಪಂದ್ಯದಲ್ಲಿ ಪ್ರವೇಶವಿಲ್ಲವೇಕೆ? ಒಲಿಂಪಿಕ್ಸ್ ಆಗ ಹವ್ಯಾಸಿಗಳಿಗೆ ಮೀಸಲು. ಸೇನಾ ಅಧಿಕಾರಿಗಳು, ಸಭ್ಯ ಗೃಹಸ್ಥರು ಹವ್ಯಾಸಿಗಳೆಂದೂ, ಕೆಳದರ್ಜೆಯ ಸೈನಿಕರು ಹೊಟ್ಟೆಪಾಡಿಗೆ ಕುದುರೆ ಪಳಗಿಸುವವರೆಂದೂ ನಿಯಮ ಬಗೆದಿತ್ತು. ಅಧಿಕಾರಿಗಳೂ ಸರ್ಕಾರದ ಸಂಬಳ ಪಡೆದು, ಸರ್ಕಾರದ ಲಾಯದ ಕುದುರೆಗಳನ್ನೇ ಏರುತ್ತಿದ್ದರು ಎಂಬುದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಇದು ಹಣದ ಪ್ರಶ್ನೆಗಿಂತ ಹೆಚ್ಚಾಗಿ ಅಂತಸ್ತಿನ ಪ್ರಶ್ನೆ. ಸ್ವೀಡನ್ ಪಂದ್ಯಕ್ಕೆ ಮುಂಚೆ ಪರ್ಸನ್‌ಗೆ ಲೆಫ್ಟಿನೆಂಟ್ ದರ್ಜೆ ಕೊಟ್ಟಿತು. ಪಂದ್ಯ ಮುಗಿದು ಕೆಲವೇ ವಾರಗಳಲ್ಲಿ ಮತ್ತೆ ಸಾರ್ಜೆಂಟ್ ಮಾಡಿತು. ಸಿಕ್ಕಿಬಿದ್ದದ್ದು ಅಲ್ಲೇ.

ಜೂಸೋಮೆಯವರ ಕೀರ್ತಿ ಈ ದಾನದ ಚಿನ್ನವನ್ನು ನೆಚ್ಚಿಕೊಂಡಿರಲಿಲ್ಲ. ಅದೇ ಆಲ್ಡರ್‌ಶಾಟ್‌ನಲ್ಲಿ, ಐವತ್ನಾಲ್ಕರ ವಯಸ್ಸಿನಲ್ಲಿ, ಅವರು ಹಾರ್ಪಗೋಂ ಎಂಬ ಕುದುರೆಯ ಮೇಲೆ ವೈಯಕ್ತಿಕ ಬೆಳ್ಳಿ ಗೆದ್ದಿದ್ದರು. ಹಾರ್ಪಗೋಂ ಎಂಬುದು ಮೊಲಿಯೇರ್‌ನ ನಾಟಕದ ಪ್ರಸಿದ್ಧ ಜಿಪುಣನ ಹೆಸರು.

ಪರ್ಸನ್ ಪ್ರಕರಣದ ಗದ್ದಲ ವ್ಯರ್ಥವಾಗಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಹೊತ್ತಿಗೆ ಡ್ರೆಸಾಜ್‌ನ ಬಾಗಿಲು ಕೆಳದರ್ಜೆಯ ಸೈನಿಕರಿಗೂ ಮಹಿಳೆಯರಿಗೂ ತೆರೆದಿತ್ತು. ಪರ್ಸನ್ ಮತ್ತೆ ಬಂದ. 1948ರ ಅದೇ ಮೂವರು ಸವಾರರ ಸ್ವೀಡಿಷ್ ತಂಡ ಚಿನ್ನ ಗೆದ್ದಿತು. ಈ ಬಾರಿ ಕಸಿಯುವವರಿರಲಿಲ್ಲ.

ವೈಯಕ್ತಿಕ ಸ್ಪರ್ಧೆಯ ಕಥೆ ಇನ್ನೂ ಸ್ವಾರಸ್ಯದ್ದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಪೋಲಿಯೊ ತಗುಲಿ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತ್ತು. ಕುದುರೆ ಏರಲು, ಇಳಿಯಲು ಬೇರೆಯವರ ನೆರವು ಬೇಕು. ಡ್ರೆಸಾಜ್‌ನಲ್ಲಿ ಸವಾರನ ಮುಖ್ಯ ಭಾಷೆ ಕಾಲಿನದು. ಆಕೆ ತನ್ನ ಜ್ಯೂಬಿಲಿ ಎಂಬ ಕುದುರೆಗೆ ಬೆನ್ನಿನ, ತೂಕದ ಭಾಷೆಯನ್ನೇ ಕಲಿಸಿದ್ದಳು. ಚಿನ್ನ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್‌ಗೆ ಹೋಯಿತು. ಲಿಸ್ ಹಾರ್ಟೆಲ್‌ಗೆ 541.5 ಅಂಕ, ಬೆಳ್ಳಿ. ಜೂಸೋಮೆಯವರಿಗೆ 541, ಕಂಚು. ನಾಲ್ಕು ವರ್ಷ ಹಿಂದಿನ ನಿಯಮವಿದ್ದಿದ್ದರೆ ಆಕೆ ಅಂಗಳಕ್ಕೇ ಇಳಿಯುವಂತಿರಲಿಲ್ಲ, ಬೆಳ್ಳಿ ಫ್ರೆಂಚ್ ಅಧಿಕಾರಿಯದಾಗುತ್ತಿತ್ತು. ಬಹುಮಾನದ ಪೀಠವೇರಲು ಆಕೆಗೆ ಕೈಕೊಟ್ಟವನು ಚಿನ್ನ ಗೆದ್ದ ಸೇಂಟ್ ಸಿರ್.

1956ರ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ. ಆದರೆ ಹೊರದೇಶದ ಪ್ರಾಣಿಗಳನ್ನು ಒಳಬಿಡುವ ಬಗ್ಗೆ ಆಸ್ಟ್ರೇಲಿಯದ ಕಾನೂನು ಬಿಗಿಯಾಗಿದ್ದುದರಿಂದ ಕುದುರೆಗಳ ಪಂದ್ಯ ಮಾತ್ರ ಸ್ಟಾಕ್‌ಹೋಮ್‌ನಲ್ಲಿ ನಡೆಯಿತು. ಅರುವತ್ತೊಂದರ ಜೂಸೋಮೆ ಅಲ್ಲಿಗೂ ಹಾರ್ಪಗೋಂನೊಂದಿಗೆ ಹೋದರು. ಸೇಂಟ್ ಸಿರ್ ಮೊದಲಿಗ. ಲಿಸ್ ಹಾರ್ಟೆಲ್ ಮತ್ತು ಜರ್ಮನಿಯ ಲೀಸೆಲಾಟ್ ಲಿನ್ಸೆನ್‌ಹಾಫ್ ಎರಡನೆಯ, ಮೂರನೆಯ ಸ್ಥಾನ ಪಡೆದರು. ಜೂಸೋಮೆ ಐದನೆಯವರು. ಅವರಿಗಿಂತ ಒಂದೇ ಸ್ಥಾನ ಮುಂದೆ, ನಾಲ್ಕನೆಯವನಾಗಿ, ತನ್ನ ತಾಯ್ನಾಡಿನ ಜನರ ಎದುರು ನಿಂತವನು ಗೆನಾಲ್ ಪರ್ಸನ್. ಜೂಸೋಮೆ 1960ರಲ್ಲಿ ತೀರಿಕೊಂಡರು. ಸ್ವೀಡನ್ನಿನ 1948ರ ಚಿನ್ನ ಇಂದಿಗೂ ಫ್ರಾನ್ಸಿನ ಲೆಕ್ಕದಲ್ಲೇ ಇದೆ.