ಯಂತ್ರಮಲ್ಲರ ಉಸಿರಿಗೊಂದು ಬಾಗಿಲು

ಕಳೆದ ವರ್ಷ ನಮ್ಮ ಶಾಲೆಯ ಇಬ್ಬರು ಹುಡುಗರು ನನ್ನ ಬಳಿಗೆ ಬಂದು, “ಸಾರ್, ಸುರಕ್ಷಾ ಕವಾಟ ಅನ್ನುತ್ತಾರಲ್ಲ, ಕವಾಟ ಅಂದರೆ ಏನು?” ಎಂದು ಕೇಳಿದರು. ವಿಜ್ಞಾನದ ಮಾತು ಕನ್ನಡ ಮೇಷ್ಟರ ಪಾಲಿಗೆ ಬಂದಿತ್ತು. ಕವಾಟವೆಂದರೆ ಬಾಗಿಲ ಕದ ಎಂದು ಹೇಳಿದೆ. ವಿಚಾರಿಸಿದಾಗ, ಅವರು ಕಾದಾಡುವ ಯಂತ್ರವೊಂದನ್ನು ಕಟ್ಟುತ್ತಿರುವುದು ತಿಳಿಯಿತು. ನೀರಿನ ಪ್ಲಾಸ್ಟಿಕ್ ಕೊಳವೆಯೊಳಗೆ ಪಂಪಿನಿಂದ ಗಾಳಿ ತುಂಬುವುದು, ಆ ಗಾಳಿಯ ಬಲದಿಂದ ಎದುರಾಳಿಯನ್ನು ಮಗುಚುವುದು, ಇದು ಅವರ ಹಂಚಿಕೆ. ಎಲ್ಲವೂ ಇತ್ತು, ಬಾಗಿಲು ಮಾತ್ರ ಇರಲಿಲ್ಲ. ನಮ್ಮ ವಿಜ್ಞಾನದ ಮೇಷ್ಟರು ಆ ಕೊಳವೆಯನ್ನು ಅಂದೇ ಬಿಚ್ಚಿಸಿದರು.

ಗಾಳಿ ತಾನೆ, ಅದಕ್ಕೇಕೆ ಇಷ್ಟು ಭಯ ಎಂದು ನೀವು ಕೇಳಬಹುದು. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ಅತ್ಯಲ್ಪ. ಪಾತ್ರೆ ಬಿರಿದರೆ ಒತ್ತಡ ಒಡನೆಯೇ ಇಳಿದುಹೋಗುತ್ತದೆ. ಗಾಳಿಯಾದರೋ ಸೆಳೆದು ಹಿಡಿದ ಬಿಲ್ಲಿನಂತೆ. ಒತ್ತಿದ ಶ್ರಮವನ್ನೆಲ್ಲ ಒಳಗೆ ಕೂಡಿಟ್ಟುಕೊಂಡು, ಪಾತ್ರೆ ಒಡೆದ ಕ್ಷಣದಲ್ಲಿ ಚೂರುಗಳನ್ನು ಬಾಣಗಳಂತೆ ಎಸೆಯುತ್ತದೆ. ಅನಿಲದ ಸಿಲಿಂಡರುಗಳ ಬಲವನ್ನು ನೀರು ತುಂಬಿ ಪರೀಕ್ಷಿಸುವುದು ಈ ಕಾರಣದಿಂದಲೇ.

ಈ ಬಿಲ್ಲಿನ ಗುಣವನ್ನು ಮನುಷ್ಯನು ಬಹು ಹಿಂದೆಯೇ ಕಂಡುಕೊಂಡಿದ್ದನು. ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಟೆಸಿಬಿಯಸ್ ಎಂಬ ಯಂತ್ರಶಿಲ್ಪಿಯು, ಕಂಚಿನ ಉರುಳೆಗಳಲ್ಲಿ ಗಾಳಿಯನ್ನು ಒತ್ತಿ, ಅದರ ಬಲದಿಂದ ಎಸೆಯುವ ಯುದ್ಧಯಂತ್ರವೊಂದನ್ನು ಯೋಜಿಸಿದನು. ಅದರ ವರ್ಣನೆಯನ್ನು ಬೈಜಾಂಟಿಯಮ್ಮಿನ ಫಿಲೋ ಬರೆದಿಟ್ಟಿದ್ದಾನೆ.

ಒತ್ತಡಕ್ಕೆ ಬಾಗಿಲನ್ನಿಟ್ಟ ಕೀರ್ತಿ ಅಡಿಗೆಯ ಪಾತ್ರೆಗೆ ಸಲ್ಲಬೇಕು. ಫ್ರಾನ್ಸಿನಲ್ಲಿ ಹುಟ್ಟಿದ ಡೆನಿಸ್ ಪ್ಯಾಪಿನ್ ಎಂಬ ವಿದ್ವಾಂಸನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಮೂಳೆಯನ್ನೂ ಮೆತ್ತಗಾಗುವಂತೆ ಬೇಯಿಸುವ ಮುಚ್ಚಿದ ಪಾತ್ರೆಯೊಂದನ್ನು ತೋರಿಸಿದನು. ಉಗಿ ಮಿತಿಮೀರಿದರೆ ಪಾತ್ರೆ ಸಿಡಿದೀತು. ಅದಕ್ಕಾಗಿ ಒಂದು ರಂಧ್ರ, ರಂಧ್ರಕ್ಕೊಂದು ಮುಚ್ಚಳ, ಅದರ ಮೇಲೆ ಭಾರ ತೂಗುವ ಸನ್ನೆಕೋಲು, ಇವನ್ನು ಅವನು ಅಳವಡಿಸಿದನು. ಒತ್ತಡವು ಭಾರವನ್ನು ಮೀರಿದರೆ ಮುಚ್ಚಳ ತಾನಾಗಿ ಏಳುತ್ತದೆ. ನಿಮ್ಮ ಮನೆಯ ಕುಕ್ಕರಿನ ತಲೆಯ ಮೇಲೆ ಕುಳಿತು ಸೀಟಿ ಹಾಕುವ ಭಾರವು ಇದೇ ವಂಶದ್ದು.

ಎರಡನೆಯ ಪಾಠವನ್ನು ರೈಲುಗಾಡಿ ಕಲಿಸಿತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಯ ಬ್ರೇಕನ್ನು ರಚಿಸಿದನು. ಎಂಜಿನ್ನಿನಿಂದ ಗಾಳಿ ಬಂದರೆ ಬ್ರೇಕು ಹಿಡಿಯುತ್ತಿತ್ತು. ನಡುವೆ ಕೊಳವೆ ಕಿತ್ತುಹೋದರೆ ಬ್ರೇಕೇ ಇಲ್ಲ! 1872ರ ಹೊತ್ತಿಗೆ ಅವನು ಈ ಏರ್ಪಾಡನ್ನು ತಿರುಗುಮುರುಗು ಮಾಡಿದನು. ಕೊಳವೆಯಲ್ಲಿ ಗಾಳಿ ತುಂಬಿರುವಾಗ ಬ್ರೇಕು ಸಡಿಲ. ಗಾಳಿ ಸೋರಿದರೆ ಬ್ರೇಕು ಬಿಗಿ. ಕೆಟ್ಟರೂ ಕೇಡಾಗದಂತೆ ಯಂತ್ರವನ್ನು ಕಟ್ಟಬೇಕೆಂಬುದೇ ಆ ಪಾಠ.

ಈಗ ಮಲ್ಲರ ಕಣಕ್ಕೆ ಬರೋಣ. ಅಮೆರಿಕದ ಮಾರ್ಕ್ ಥಾರ್ಪ್ ಎಂಬವರು 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ‘ರೋಬಾಟ್ ವಾರ್ಸ್’ ಎಂಬ ಯಂತ್ರಗಳ ಕಾಳಗವನ್ನು ಏರ್ಪಡಿಸಿದರು. 1998ರಿಂದ ಅದು ಬ್ರಿಟನ್ನಿನ ದೂರದರ್ಶನದಲ್ಲಿ ಮೆರೆಯಿತು. ಅಲ್ಲಿ ‘ಕೇಯಾಸ್ 2’ ಎಂಬ ಯಂತ್ರವು ಅನಿಲದ ಬಲದಿಂದ ಎದುರಾಳಿಗಳನ್ನು ಕಣದಾಚೆಗೇ ಎತ್ತಿ ಎಸೆದು, ಮೂರನೆಯ ಮತ್ತು ನಾಲ್ಕನೆಯ ಸರಣಿಗಳೆರಡರಲ್ಲೂ ಗೆದ್ದಿತು. ಭೀಮಸೇನನಂತೆ ಇದೂ ವಾಯುಪುತ್ರನೇ!

ಇಂತಹ ಯಂತ್ರಗಳ ಉದರದಲ್ಲಿ ಅನೇಕ ವೇಳೆ ಇರುವುದು ಇಂಗಾಲಾಮ್ಲದ ಸಿಲಿಂಡರು. 20 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಅದರೊಳಗಿನ ಒತ್ತಡ ವಾತಾವರಣದ ಸುಮಾರು 57 ಪಟ್ಟು. 31 ಡಿಗ್ರಿಗೆ ಸುಮಾರು 73 ಪಟ್ಟು. ಬಿಸಿಲಿನಲ್ಲಿಟ್ಟರೆ ಇನ್ನೂ ಏರುತ್ತದೆ. ಆದ್ದರಿಂದ ಸಿಲಿಂಡರು, ಕೊಳವೆ, ಕೀಲು, ಪ್ರತಿಯೊಂದೂ ತಾನು ಹೊರಬೇಕಾದ ಒತ್ತಡಕ್ಕೆಂದೇ ತಯಾರಾದದ್ದಾಗಿರಬೇಕು. ತೋಳಿಗೆ ಕಡಮೆ ಒತ್ತಡ ಸಾಕಾದರೆ ನಡುವೆ ರೆಗ್ಯುಲೇಟರು ಬೇಕು. ಅದು ಕೆಟ್ಟರೆಂದು ಅದರ ಮುಂದೆ ಪ್ಯಾಪಿನ್ನನ ಕವಾಟ ಬೇಕು. ಒಳಗೆ ಗಾಳಿ ಎಷ್ಟಿದೆಯೆಂದು ತೋರಿಸುವ ಮಾಪಕ ಬೇಕು. ಕೊನೆಯದಾಗಿ, ಕಾಳಗ ಮುಗಿದ ಮೇಲೆ ಹೊರಗಿನಿಂದಲೇ ತಿರುಗಿಸಿ ಅನಿಲವನ್ನೆಲ್ಲ ಬಿಟ್ಟುಬಿಡುವ ಬಿಡುಗಡೆಯ ಕವಾಟ, ಮತ್ತು ತೋಳು ಅಲುಗದಂತೆ ತಡೆಯುವ ಅಗುಳಿ. ಸೋತು ಬಿದ್ದ ಯಂತ್ರವು ಸತ್ತ ಯಂತ್ರವಲ್ಲ. ಅದರ ಎದೆಯಲ್ಲಿ ಇನ್ನೂ ಉಸಿರಿದೆ. ಅದನ್ನೆತ್ತಲು ಹೋದವನ ಮುಖದ ಮುಂದೆಯೇ ತೋಳು ಚಿಮ್ಮಬಹುದು.

ಆ ಹುಡುಗರು ಉತ್ಸಾಹವನ್ನು ಕಳೆದುಕೊಳ್ಳಲಿಲ್ಲ. ಈ ವರ್ಷ ವಿಜ್ಞಾನದ ಮೇಷ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ನಕ್ಷೆ ಬರೆದಿದ್ದಾರೆ. ಅದನ್ನು ತಂದು ನನಗೆ ಮೊದಲು ತೋರಿಸಿದ್ದು ಕವಾಟವನ್ನೇ. ನಿಮ್ಮ ಮನೆಯಲ್ಲಿಯೂ ಇಂತಹ ಯಂತ್ರಶಿಲ್ಪಿಗಳು ಇರಬಹುದು. ಅವರನ್ನು ಗದರಿಸಬೇಡಿ, ಒಂದು ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳಿ: “ಮಗು, ಒಳಗಿನ ಗಾಳಿ ಹೊರಕ್ಕೆ ಹೋಗಲು ಬಾಗಿಲು ಎಲ್ಲಿ?”