ಬಾಗಿಲ ಕಂಬದ ಮೇಲಿನ ದೇವವಾಕ್ಯ



ಸೊಲ್ಲಾಪುರ, ಅಕ್ಕಲಕೋಟೆ ಕಡೆ ಯಾರ ಮನೆಗೆ ಹೋದರೂ ಬಾಗಿಲು ನೋಡಿದರೆ ಮನೆಯವರ ನಂಬಿಕೆ ತಿಳಿಯುತ್ತದೆ. ಕೆಲವರದಕ್ಕೆ ಮಾವಿನ ತೋರಣ, ನಮ್ಮದಕ್ಕೆ ಶಿಲುಬೆ. ಇದೇ ಮಹಾರಾಷ್ಟ್ರದಲ್ಲಿ ಬಾಗಿಲ ಕಂಬಕ್ಕೆ ಸಣ್ಣ ಡಬ್ಬಿ ಕೂಡಿಸಿದ ಮನೆಗಳೂ ಇವೆ. ಅವು ಬೆನೆ ಇಸ್ರೇಲ್ ಯೆಹೂದ್ಯರ ಮನೆಗಳು. ಆ ಡಬ್ಬಿಗೆ ಮೆಝುಝಾ ಎನ್ನುತ್ತಾರೆ.

ಹೀಬ್ರೂ ಭಾಷೆಯಲ್ಲಿ ಈ ಪದದ ಅರ್ಥ ಬಾಗಿಲ ನಿಲುವುಕಂಬ ಎಂದೇ. ಒಳಹೋಗುವಾಗ ಬಲಕ್ಕೆ ಬರುವ ಕಂಬದ ಮೇಲ್ಭಾಗದಲ್ಲಿ ಇದನ್ನು ಕೂಡಿಸುತ್ತಾರೆ. ಡಬ್ಬಿ ಹೇಗಿದ್ದರೂ ನಡೆಯುತ್ತದೆ, ಮುಖ್ಯವಾದದ್ದು ಒಳಗಿನ ಚರ್ಮದ ಸುರುಳಿ. ಅದರಲ್ಲಿ ಧರ್ಮೋಪದೇಶಕಾಂಡದ ಎರಡು ಭಾಗಗಳನ್ನು (6:4-9, 11:13-21) ಕೈಯಿಂದಲೇ ಬರೆದಿರುತ್ತಾರೆ. ಒಟ್ಟು 713 ಅಕ್ಷರಗಳು. ಒಂದು ಅಕ್ಷರ ಅಳಿಸಿದರೂ ಸುರುಳಿ ನಡೆಯದು. ಅದಕ್ಕೇ ಏಳು ವರ್ಷಕ್ಕೆ ಎರಡು ಸಲ ತೆಗೆದು ಪರೀಕ್ಷಿಸುವ ನಿಯಮವಿದೆ.

ಬೆನೆ ಇಸ್ರೇಲರ ಪೂರ್ವಿಕರು ಹಡಗು ಒಡೆದು ಕೊಂಕಣದ ದಡ ಸೇರಿದರೆಂದು ಅವರ ಪರಂಪರೆ ಹೇಳುತ್ತದೆ. ಅವರು ಗಾಣದಿಂದ ಎಣ್ಣೆ ತೆಗೆದು ಬದುಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಕಾಲ ಕಳೆದಂತೆ ಧರ್ಮಗ್ರಂಥಗಳು ಹೋದವು, ಹೀಬ್ರೂ ಮರೆತುಹೋಯಿತು, ಮನೆಮಾತು ಮರಾಠಿಯಾಯಿತು. ಉಳಿದದ್ದು ಸಬ್ಬತ್ತು, ಸುನ್ನತಿ, ಆಹಾರದ ನಿಯಮ ಮತ್ತು 'ಶೆಮಾ' ಎಂಬ ಒಂದು ಪ್ರಾರ್ಥನೆ. ದೇವರು ಒಬ್ಬನೇ ಎಂದು ಸಾರುವ ಈ ವಾಕ್ಯವೇ ಮೆಝುಝಾ ಸುರುಳಿಯ ಮೊದಲ ಸಾಲು!

ಮುಂದೆ ಹೊರಗಿನ ಯೆಹೂದ್ಯರು ಬಂದು ಕಲಿಸಿದಾಗ ಉಳಿದ ಆಚರಣೆಗಳೂ ಮರಳಿದವು. 1796ರಲ್ಲಿ ಮುಂಬೈಯಲ್ಲಿ ಅವರ ಮೊದಲ ಸಭಾಮಂದಿರ ಎದ್ದಿತು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯೆಹೂದ್ಯರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು.

ಅತಿ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಯೇಸುಸ್ವಾಮಿ ಮೊದಲು ಹೇಳಿದ್ದೂ ಇದೇ ವಾಕ್ಯವನ್ನು (ಮಾರ್ಕ 12:29). ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ತೆರೆದು ಅಲ್ಲಿನ ಕ್ರಮ ಗಮನಿಸಿ. ಮಾತು ಮೊದಲು ಹೃದಯದಲ್ಲಿರಬೇಕು, ಆಮೇಲೆ ಮಕ್ಕಳಿಗೆ ಕಲಿಸಬೇಕು, ಬಾಗಿಲ ಕಂಬ ಬರುವುದು ಕೊನೆಗೆ. ಬೆನೆ ಇಸ್ರೇಲರ ಗ್ರಂಥ ಕಳೆದರೂ ವಾಕ್ಯ ಉಳಿದದ್ದು ತಾಯಿತಂದೆಯರ ಬಾಯಲ್ಲಿ.

ನಮ್ಮ ಬಾಗಿಲಿಗೆ ಶಿಲುಬೆ ಇದೆ. ಆದರೆ ಶಾಲೆಯಲ್ಲಿ ಮರಾಠಿ, ಕೆಲಸಕ್ಕೆ ಪುಣೆ ಸೇರಿದರೆ ಇಂಗ್ಲಿಷ್. ಅಜ್ಜಿ ಹೇಳುವ ಕನ್ನಡ ಪ್ರಾರ್ಥನೆ ನಮ್ಮಲ್ಲಿ ಎಷ್ಟು ಮಂದಿಗೆ ಬಾಯಿಪಾಠ ಬರುತ್ತದೆ? ಈ ವಾರ ಅಜ್ಜಿಯ ಹತ್ತಿರ ಕೂತು ಒಂದನ್ನಾದರೂ ಕಲಿಯೋಣ.

ದೇವರು ನಮ್ಮ ಮನೆಗಳನ್ನು ಆಶೀರ್ವದಿಸಲಿ.